ಕೌಟುಂಬಿಕ ನ್ಯಾಯಾಲಯದ ಕಡತ ಓದಿ ಮಕ್ಕಳ ಕಾಯುವಿಕೆ ತಗ್ಗಿಸುವುದು ಹೇಗೆ?

ಮಕ್ಕಳ ಪ್ರಕರಣ ಬೇಗ ಮುಗಿಯಬೇಕು ಎಂಬುದರಲ್ಲಿ ಯಾರದೂ ತಕರಾರಿಲ್ಲ. ತಡ ಎಲ್ಲಿ ಆಗುತ್ತಿದೆ ಎಂದು ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಉತ್ತರ. ಹಾಗಾಗಿ ಕಡತ ತೆರೆಯುವುದೇ ದಾರಿ.

ಮೊದಲು ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳಿ. "ವ್ಯವಸ್ಥೆ ಮಕ್ಕಳಸ್ನೇಹಿಯೇ?" ಎಂದರೆ ಕಡತ ಬಾಯಿ ಬಿಡುವುದಿಲ್ಲ. "ಪಾಲನೆಯ ಅರ್ಜಿ ಬಂದ ದಿನದಿಂದ ಮಗುವಿನ ಮಾತು ದಾಖಲಾಗಲು ಎಷ್ಟು ವಾರ ಹಿಡಿಯಿತು?" ಎಂದರೆ ಬಿಡುತ್ತದೆ.

ಕಡತ ಆರಿಸುವಾಗಲೇ ಹೆಚ್ಚಿನವರು ಎಡವುತ್ತಾರೆ. ಇತ್ಯರ್ಥವಾದವನ್ನಷ್ಟೇ ಎತ್ತಿಕೊಂಡರೆ ವರ್ಷಗಟ್ಟಲೆ ಎಳೆಯುತ್ತಿರುವವು ಲೆಕ್ಕಕ್ಕೇ ಬರುವುದಿಲ್ಲ, ತಡ ಕಡಿಮೆ ಎಂಬ ಸುಳ್ಳು ಚಿತ್ರ ಸಿಗುತ್ತದೆ. ಒಂದೇ ಅವಧಿಯಲ್ಲಿ ದಾಖಲಾದ ಎಲ್ಲ ಪ್ರಕರಣಗಳನ್ನೂ, ಬಾಕಿ ಇರುವವನ್ನೂ ಸೇರಿಸಿ, ತೆಗೆದುಕೊಳ್ಳಿ. ಸರಾಸರಿಯನ್ನು ನಂಬಬೇಡಿ, ನಾಲ್ಕೈದು ವಿಪರೀತ ಪ್ರಕರಣಗಳು ಅದನ್ನು ಎಳೆದುಬಿಡುತ್ತವೆ. ಮಧ್ಯಾಂಕ, ಅಂದರೆ ಅವಧಿಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ, ಕೊಡಿ, ಜೊತೆಗೆ ಹತ್ತರಲ್ಲಿ ಒಂಬತ್ತು ಪ್ರಕರಣ ಎಷ್ಟು ವಾರದೊಳಗೆ ಮುಗಿದವು ಎಂಬುದನ್ನೂ ಹೇಳಿ.

ಎಣಿಸಬೇಕಾದ್ದು ಪ್ರಕರಣಗಳನ್ನಲ್ಲ, ಮಕ್ಕಳನ್ನು. ಪಾಲನೆ, ಭೇಟಿ, ಜೀವನಾಂಶ ಎಂದು ಮೂರು ಅರ್ಜಿಗಳು ಒಂದೇ ಮಗುವಿನ ಸುತ್ತ ಇರಬಹುದು. ಪ್ರತಿ ಮಗುವಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟು, ಹೆಸರಿನ ಪಟ್ಟಿಯನ್ನು ಬೇರೆ ಕಡೆ ಬೀಗ ಹಾಕಿಡಿ. ವಯಸ್ಸನ್ನು ತಿಂಗಳಲ್ಲಿ ಬರೆಯಿರಿ. ಮೂರು ವರ್ಷದ ಮಗುವಿಗೆ ಒಂದೂವರೆ ವರ್ಷದ ವ್ಯಾಜ್ಯವೆಂದರೆ ಅದು ಬದುಕಿದ್ದರ ಅರ್ಧ.

ಮುಂದೂಡಿಕೆಯ ಕಾರಣದ ಕಾಲಂ ತೀರಾ ಜಾರುವಂಥದ್ದು. "ಸಮಯ ಕೋರಲಾಗಿದೆ" ಎಂದಷ್ಟೇ ಇದ್ದರೆ ಕೋರಿದವರು ಯಾರು, ಯಾವುದಕ್ಕೆ ಎಂಬುದು ತಿಳಿಯದು. ಊಹಿಸಿ ತುಂಬದೆ "ಸ್ಪಷ್ಟವಿಲ್ಲ" ಎಂದೇ ಬರೆಯಿರಿ. ಶುರುವಿನಲ್ಲಿ ಇಬ್ಬರು ಅದೇ 20 ಕಡತಗಳನ್ನು ಪ್ರತ್ಯೇಕವಾಗಿ ತುಂಬಿ ಹೋಲಿಸಲಿ. ಉತ್ತರ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ವ್ಯಾಖ್ಯೆ ಸಡಿಲವಾಗಿದೆ ಎಂದೇ ಅರ್ಥ.

ತನಗೆ ಸಂಬಂಧಿಸಿದ ವಿಚಾರದಲ್ಲಿ ಮಾತಾಡುವ ಹಕ್ಕನ್ನು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿಗೆ ಕೊಟ್ಟಿದೆ. ಆದರೆ ಸಂಶೋಧನೆಗಾಗಿ ಮಾತಾಡಿಸುವಾಗ ವಿಚಾರಣೆ ಮುಗಿದ ಮಕ್ಕಳನ್ನೇ ಆರಿಸಿ. ನಡೆಯುತ್ತಿರುವ ವ್ಯಾಜ್ಯದಲ್ಲಿ ನಿಮ್ಮ ಟಿಪ್ಪಣಿಯನ್ನೇ ಸಾಕ್ಷ್ಯವಾಗಿ ಕೇಳಬಹುದು. ಪೋಷಕರ ಒಪ್ಪಿಗೆಯೊಂದೇ ಸಾಲದು, ಮಗುವೂ ಒಪ್ಪಬೇಕು. ಅಪಾಯದ ಸಂಗತಿ ಹೊರಬಂದರೆ ಗುಟ್ಟಾಗಿಡಲಾಗದು ಎಂಬುದನ್ನು ಮೊದಲೇ ತಿಳಿಸಿ. "ಯಾರ ಜೊತೆ ಇರೋಕೆ ಇಷ್ಟ?" ಎಂದು ಅಪ್ಪಿತಪ್ಪಿಯೂ ಕೇಳಬೇಡಿ. "ತೀರ್ಮಾನ ಏನಾಯ್ತು ಅಂತ ನಿನಗೆ ಯಾರು ಹೇಳಿದರು?" ಎಂಬ ಪ್ರಶ್ನೆಯಿಂದ ಎಷ್ಟೋ ವಿಷಯ ಹೊರಬರುತ್ತದೆ.

ಕೊನೆಗೆ, ಒಂದೇ ಬದಲಾವಣೆ ಆರಿಸಿ ಕೆಲವು ನ್ಯಾಯಾಲಯಗಳಲ್ಲಿ ಮೊದಲು ಜಾರಿಗೆ ತನ್ನಿ. ಉಳಿದವು ಹೋಲಿಕೆಗೆ ಸಿಗುತ್ತವೆ. ವೇಗವನ್ನಷ್ಟೇ ಅಳೆಯಬೇಡಿ. ಮಕ್ಕಳ ರಕ್ಷಣೆಯ ಪ್ರಕರಣಗಳಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರ ಕಾಯ್ದೆ 26 ವಾರಗಳ ಮಿತಿ ಹಾಕಿತು. ಇಂಥ ಗಡುವು ಎಲ್ಲೇ ಇರಲಿ, ತೀರ್ಪು ಬಂದ ವರ್ಷದೊಳಗೆ ಎಷ್ಟು ಮಕ್ಕಳು ಅದೇ ತಕರಾರಿಗೆ ಮರಳಿ ಬಂದರು ಎಂಬ ಅಂಕಿಯನ್ನು ಪಕ್ಕದಲ್ಲೇ ಇಡಿ.