ಹಳೇ ಕಾರಿನ ಮಂಕು ಹೆಡ್‌ಲೈಟ್: ತೊಂದರೆ ಇದ್ದದ್ದು ಅರ್ಥ್‌ನಲ್ಲಿ

6 ವೋಲ್ಟ್ ಬ್ಯಾಟರಿಯ ಹಳೇ ಕಾರು. ಅರ್ಥ್ ಅಂದರೆ ಬಲ್ಬಿನಿಂದ ಕಾರಿನ ಬಾಡಿ ಮೂಲಕ ಬ್ಯಾಟರಿಗೆ ಕರೆಂಟ್ ಹರಿಯುವ ದಾರಿ. ಎಡಗಡೆ ಹೆಡ್‌ಲೈಟ್ ಕೆಂಪಗೆ, ಮಂಕಾಗಿ ಉರಿಯುತ್ತಿತ್ತು. ಹೈ ಬೀಮ್ ಹಾಕಿದರೆ ಅದೇ ಬದಿಯ ಪಾರ್ಕಿಂಗ್ ಲೈಟೂ ಸಣ್ಣಗೆ ಮಿನುಗುತ್ತಿತ್ತು.

ಹೊಸ ಬಲ್ಬ್, ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿ, ಹೊಸ ಡಿಪ್ ಸ್ವಿಚ್, ಯಾವುದರಿಂದಲೂ ಸರಿಹೋಗಲಿಲ್ಲ.

ದಾರಿ ತೋರಿಸಿದ್ದು ಮಲ್ಟಿಮೀಟರ್. 20 ವೋಲ್ಟ್ ಡಿಸಿ ರೇಂಜಿಗೆ ಇಡಿ. ಲೈಟ್ ಉರಿಯುತ್ತಿರುವಾಗಲೇ ಒಂದು ಪ್ರೋಬ್ ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೆ, ಇನ್ನೊಂದು ಬಲ್ಬ್ ಹೋಲ್ಡರಿನ ಲೋಹಕ್ಕೆ ಹಿಡಿಯಿರಿ. ಸೊನ್ನೆಯ ಹತ್ತಿರ ಬರಬೇಕು. ನನಗೆ 1.4 ವೋಲ್ಟ್ ಬಂತು. ಅಂದರೆ ಅಷ್ಟು ವೋಲ್ಟೇಜ್ ಬಲ್ಬಿಗೆ ಸಿಗದೆ ಅರ್ಥ್ ದಾರಿಯಲ್ಲೇ ಪೋಲಾಗುತ್ತಿತ್ತು. 6 ವೋಲ್ಟ್‌ನಲ್ಲಿ ಅದು ಹತ್ತಿರ ಹತ್ತಿರ ಕಾಲು ಭಾಗ, ಅಲ್ವಾ? ಲೈಟ್ ಆರಿಸಿ ಓಮ್ಸ್‌ನಲ್ಲಿ ಅಳೆದರೆ ಈ ದೋಷ ಹೆಚ್ಚಾಗಿ ಕಾಣುವುದೇ ಇಲ್ಲ.

ರಿಪೇರಿಗೆ ಮೊದಲು ಬ್ಯಾಟರಿಯ ಅರ್ಥ್ ಕೇಬಲ್ ಬಿಚ್ಚಿ. ಹಳೇ ಕಾರುಗಳಲ್ಲಿ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಜೋಡಿಸುವುದು) ಕೂಡ ಇರುತ್ತದೆ, ಸುಮ್ನೆ ಬಣ್ಣ ನೋಡಿ ನಂಬಬೇಡಿ. ಆಮೇಲೆ ಮಡ್‌ಗಾರ್ಡ್ ಒಳಗಿನ ಅರ್ಥ್ ಸ್ಕ್ರೂ ತೆಗೆದೆ. ರಿಂಗ್ ಟರ್ಮಿನಲ್ ಅಡಿಯಲ್ಲಿ ದಪ್ಪ ಪೇಂಟ್, ಅಂಚಿನಲ್ಲಿ ಹಸಿರು ಪುಡಿ. ತಗಡು ಹೊಳೆಯುವವರೆಗೆ ಉಜ್ಜಿದೆ. ಹೊಸ ರಿಂಗ್, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಬಿಗಿ ಮಾಡಿದ ಮೇಲೆಯೇ ವ್ಯಾಸಲೀನ್ ಸವರಿದೆ. ಮಡ್‌ಗಾರ್ಡ್ ಬೋಲ್ಟನ್ನೇ ನಂಬದೆ, ಹೋಲ್ಡರಿನಿಂದ ನೇರ ಚಾಸಿಗೆ 4 ಚದರ ಮಿಲಿಮೀಟರ್ ವೈರ್ ಎಳೆದೆ. ಮುಖ್ಯವಾದ ಕೆಲಸ ಇದೇ.

ಮತ್ತೆ ಅಳೆದಾಗ 0.1 ವೋಲ್ಟ್. ಲೈಟ್ ಬೆಳ್ಳಗಾಯಿತು, ಪಾರ್ಕಿಂಗ್ ಲೈಟ್ ಮಿನುಗುವುದೂ ನಿಂತಿತು. ಲೈವ್ ಬದಿಯನ್ನೂ, ಅಂದರೆ ಬ್ಯಾಟರಿಯ ಇನ್ನೊಂದು ಟರ್ಮಿನಲ್‌ನಿಂದ ಬಲ್ಬಿಗೆ ಬರುವ ವೈರಿನ ತುದಿಯವರೆಗೆ, ಲೈಟ್ ಉರಿಯುತ್ತಿರುವಾಗಲೇ ಹೀಗೇ ಅಳೆಯಿರಿ. ಅಲ್ಲಿ ಜಾಸ್ತಿ ಬಂದರೆ ರೇಡಿಯೇಟರ್ ಮುಂದಿನ ಬುಲೆಟ್ ಕನೆಕ್ಟರುಗಳನ್ನು (ವೈರುಗಳನ್ನು ಸೇರಿಸುವ, ಒತ್ತಿ ಕೂರಿಸುವ ಗುಂಡನೆಯ ತುದಿಗಳು) ಮೊದಲು ನೋಡಿ.