ಸಹಿ ಇರುವ ಆಲ್ಬಮ್ ಕವರ್ ಪ್ರಿಂಟ್ ಕೊಳ್ಳುವ ಮುಂಚೆ

ಪಿಂಕ್ ಫ್ಲಾಯ್ಡ್, ಯೆಸ್ ತರದ ರಾಕ್ ಬ್ಯಾಂಡ್‌ಗಳ ಕವರ್ ಪ್ರಿಂಟ್ ಹುಡುಕುತ್ತಿದ್ದೀರಾ? ಮೊದಲು ಸಹಿ ಯಾರದ್ದು ಅಂತ ನೋಡಿ. ಸಾಮಾನ್ಯವಾಗಿ ಅದು ಹಾಡುಗಾರರದ್ದಲ್ಲ, ಕವರ್ ಮಾಡಿದ ಕಲಾವಿದರದ್ದು. 'ದಿ ಡಾರ್ಕ್ ಸೈಡ್ ಆಫ್ ದ ಮೂನ್' (1973) ಕವರ್ ಹಿಪ್ನೋಸಿಸ್ ತಂಡದ ಕೆಲಸ. ಆ ತಂಡದ ಸ್ಟಾರ್ಮ್ ಥಾರ್ಗರ್ಸನ್ 2013ರಲ್ಲಿ ತೀರಿಕೊಂಡರು. ಅದಾದ ಮೇಲೆ ಅಚ್ಚಾದ ಪ್ರಿಂಟ್ ಮೇಲೆ ಅವರ ಕೈಸಹಿ ಇದೆ ಅಂದರೆ ಅದನ್ನು ಕೊಳ್ಳದೆ ಸುಮ್ನೆ ಮುಂದೆ ಹೋಗಿ.

ಸಹಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಸಣ್ಣ ಬಣ್ಣದ ಚುಕ್ಕೆ ಕಂಡರೆ ಅದು ಚಿತ್ರದ ಜೊತೆಗೇ ಅಚ್ಚಾದ ಸಹಿ. ನಿಜವಾದ ಪೆನ್ಸಿಲ್ ಗೆರೆ, ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಬೂದುಬೂದಾಗಿ ಮಿನುಗುತ್ತದೆ. ಕಾಗದವೂ ಅಲ್ಲಿ ಒಂಚೂರು ಒತ್ತಿರುತ್ತದೆ.

ಪ್ರಿಂಟ್ ಮೇಲೆ ಬರೆದಿರುವ ಸಂಖ್ಯೆಯನ್ನೂ ನೋಡಿ. 45/200 ಅಂದರೆ 200 ಪ್ರತಿಗಳಲ್ಲಿ 45ನೆಯದು. 'ಎಪಿ' (ಆರ್ಟಿಸ್ಟ್ಸ್ ಪ್ರೂಫ್) ಅಂತಿದ್ದರೆ ಕಲಾವಿದರ ಪಾಲಿನ ಪ್ರತಿ, ಈ ಲೆಕ್ಕಕ್ಕೆ ಸೇರಲ್ಲ. 1/200ಕ್ಕೆ ಜಾಸ್ತಿ ದುಡ್ಡು ಕೇಳುವವರಿದ್ದಾರೆ. ನಾನಂತೂ ಕೊಡಲ್ಲ, ಚಿತ್ರ ಅದೇ ಅಲ್ವಾ?

ಫ್ರೇಮ್ ಅಂಗಡಿಯವರಿಗೆ ಮೊದಲೇ ಹೇಳಿ: ಅಂಚು ಕತ್ತರಿಸಬಾರದು, ಗೋಂದು ಹಚ್ಚಬಾರದು. ಹಿಂದಿನ ರಟ್ಟು ಆಸಿಡ್ ಇಲ್ಲದ್ದೇ ಆಗಬೇಕು.