ಗೆರ್ ಮಾದರಿ ವಿಸಿಟರ್ ಸೆಂಟರ್: ಗ್ವಾಡಿ ಹೊರಗ ಅರಳೋದು ನಿಲ್ಲಿಸಿದ್ದು ಹಿಂಗ

ಬಾದಾಮಿ ಕಡೆ ಒಂದು ಸಣ್ಣ ವಿಸಿಟರ್ ಸೆಂಟರ್, ಮಂಗೋಲಿಯಾದ ಗೆರ್ (ಅಲೆಮಾರಿ ಮಂದಿಯ ದುಂಡನ ಡೇರೆ ಮನಿ) ಥರ, 6 ಮೀಟರ್ ಅಗಲ, ಬಿದಿರ ಜಾಲರಿ ಗ್ವಾಡಿ. ಚಾವಣಿ ಕೋಲು ಏರಿಸಿದ ಮ್ಯಾಲ ನೆತ್ತಿ ಬಳಿ (ಕೋಲುಗಳ ಮ್ಯಾಲಿನ ತುದಿ ಕೂಡೋ ಉಂಗುರ) ಸಾವಕಾಶ ಕೆಳಗ ಕುಂದರತಿತ್ತು, ಗ್ವಾಡಿ ತುದಿ ಹೊರಗ ಅರಳತಿತ್ತು, ಬಾಗಿಲಾ ಹಾಕಾಕ ಬರತಿರಲಿಲ್ಲ.

ದಪ್ಪ ಕೋಲು ಹಾಕಿದ್ರ ಭಾರ ಹೆಚ್ಚಾತು ಅಷ್ಟ. ಗ್ವಾಡಿ ಬುಡ ಕಾಂಕ್ರೀಟಿನ್ಯಾಗ ಹುಗದ್ರೂ ತುದಿ ಸರಿಯೋದು ನಿಲ್ಲಲಿಲ್ಲ. ನಡುವ ಕಂಬ ಕೊಟ್ರ ನಿಲ್ಲತೈತಿ ಖರೆ, ಆದ್ರ ಒಳಗ ಮಂದಿ ನಿಂತು ನೋಡೋ ಜಾಗಾನ ಹೋಗತೈತಿ.

ಕೊನಿಗೆ ಕೆಲಸಕ್ಕ ಬಂದಿದ್ದು ಸುತ್ತು ಕಟ್ಟು. ಮಂಗೋಲಿಯಾದಾಗ ಗ್ವಾಡಿ ಸುತ್ತ ಹಗ್ಗ ಬಿಗಿತಾರಲ್ಲ, ಕೋಲು ಹೊರಗ ದಬ್ಬೋದನ್ನ ತಡಿಯೋದು ಅದ. ನಾವು 8 ಎಂಎಂ ವಾಯರ್ ರೋಪ್ ಹಾಕಿದ್ವಿ, ಜಾಲರಿ ತುದಿಗೆ ಕೋಲು ಕುಂದ್ರೋ ಕವಲಿನ ಸೀದಾ ಕೆಳಗ; ಗ್ವಾಡಿ ನಡುವಿಗೆ ಕಟ್ಟಿದ್ರ ಏನೂ ಉಪಯೋಗಿಲ್ಲ. ಮೊದಲ ಬಾಗಿಲ ಚೌಕಟ್ಟು ಗಟ್ಟಿ ನಿಲ್ಲಿಸ್ರಿ, ರೋಪ್ ಒಂದು ನಿಲುವಿನಿಂದ ಸುತ್ತು ಹಾಕಿ ಇನ್ನೊಂದು ನಿಲುವಿಗೆ ಟರ್ನ್‌ಬಕಲ್ (ತಿರುವಿದ್ರ ರೋಪ್ ಬಿಗಿಯಾಗೋ ಸ್ಕ್ರೂ) ಕೊಟ್ಟು ಅರ್ಧ ಬಿಗಿರಿ, ಚೌಕಟ್ಟಿನ ಮ್ಯಾಲಿನ ಅಡ್ಡಪಟ್ಟಿ ಆ ಎಳೆತ ತಡಿಯೋವಷ್ಟು ಗಟ್ಟಿ ಇರಬೇಕು. ಆಮ್ಯಾಲ ಬಳಿ ಎತ್ತಿ, ಕೋಲು ಎದುರಾ ಬದುರಾ ಜೋಡಿ ಜೋಡಿ ಸೇರಿಸ್ರಿ, ಒಂದ ಕಡೆಯಿಂದ ಸಾಲಾಗಿ ಹಾಕಿದ್ರ ಬಳಿ ವಾಲತೈತಿ. ಎಲ್ಲಾ ಕುಂತ ಮ್ಯಾಲ ಪೂರ್ತಿ ಬಿಗಿದು, ಟೇಪ್ ಹಿಡಿದು ಎರಡೂ ದಿಕ್ಕಿನ ಅಗಲ ಒಂದ ಬರತೈತೇನು ನೋಡಿ, ಆಮ್ಯಾಲ ಹೊದಿಕಿ. ಹಸಿ ಬಿದಿರು ಇದ್ರ ಒಣಗಿ ಸಣ್ಣಗಾಗಿ ರೋಪ್ ಸಡಿಲಾಗತೈತಿ, ಮತ್ತ ಬಿಗಿಯಾಕ ಟರ್ನ್‌ಬಕಲ್ ಕೈಗೆ ಸಿಗೋ ಹಂಗ ಬಿಡ್ರಿ.